ಸೂರ್ಯನ ಜೊತೆಗೇ ಊರು ನೋಡಿ: ವಿಜಯಪುರದಲ್ಲಿ ಕ್ಯಾಮೆರಾ ಹಿಡಿದು ಒಂದು ದಿನ

ಪ್ರಶ್ನೆ: ನಾವು ಮೈಸೂರಿನವರು. ಡಿಸೆಂಬರ್ ಕೊನೆಯ ವಾರದ ರಜೆಯಲ್ಲಿ ವಿಜಯಪುರಕ್ಕೆ ಬರುತ್ತಿದ್ದೇವೆ. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ 68 ವರ್ಷದ ಅಮ್ಮ. ಊರು ನೋಡಲು ಒಂದೇ ದಿನ ಇದೆ. ಗೋಳಗುಮ್ಮಟ ಬಿಟ್ಟರೆ ಅಲ್ಲೇನೂ ಇಲ್ಲ, ಅರ್ಧ ದಿನ ಸಾಕು ಅಂತ ಗೆಳೆಯರು ಹೇಳುತ್ತಾರೆ. ನಿಜವೇ? ನನ್ನ ಬಳಿ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ, 18-55 ಲೆನ್ಸ್. ಹೆಂಡತಿ, ಮಗಳು ಫೋನಿನಲ್ಲಿ ತೆಗೆಯುತ್ತಾರೆ. ಹಿಂದೆ ಹಂಪಿಗೆ ಹೋದಾಗ ಆರುನೂರು ಫೋಟೊ ತೆಗೆದಿದ್ದೆ. ಗೋಡೆಗೆ ಹಾಕುವಂಥದ್ದು ಒಂದೂ ಬರಲಿಲ್ಲ. ಅಮ್ಮನಿಗೆ ಮಂಡಿ ನೋವು ಬೇರೆ. ಯಾವ ಹೊತ್ತಿಗೆ ಎಲ್ಲಿರಬೇಕು, ಹೇಗೆ ತೆಗೆಯಬೇಕು, ಹೇಳ್ತೀರಾ?

ಉತ್ತರ: ಅರ್ಧ ದಿನ ಸಾಕು ಅನ್ನುವವರು ನಮ್ಮೂರಿಗೆ ಹೇಗೆ ಬಂದು ಹೋಗುತ್ತಾರೆ ಅಂತ ದಿನಾ ನೋಡುತ್ತೇನೆ. ಬಾದಾಮಿ ಕಡೆಯಿಂದಲೋ ಸೊಲ್ಲಾಪುರದ ಕಡೆಯಿಂದಲೋ ಹನ್ನೊಂದು ಗಂಟೆಗೆ ಬಂದು ಇಳಿಯುತ್ತಾರೆ. ಗೋಳಗುಮ್ಮಟ ಹತ್ತುತ್ತಾರೆ. ಆ ಹೊತ್ತಿಗೆ ಮೇಲೆ ಐದಾರು ಶಾಲೆಗಳ ಮಕ್ಕಳು ಕೂಗುತ್ತಿರುತ್ತಾರೆ. ಇವರೂ ಒಮ್ಮೆ ಕೂಗಿ ಇಳಿಯುತ್ತಾರೆ. ಊಟ ಮುಗಿಸಿ ಒಂದೂವರೆಯ ಬಿಸಿಲಲ್ಲಿ ಊರಿನ ಇನ್ನೊಂದು ದೊಡ್ಡ ಗೋರಿಯಾದ ಇಬ್ರಾಹಿಂ ರೋಜಾಕ್ಕೆ ಹೋಗಿ, ನೆರಳು ಹುಡುಕಿ ಕೂತು, ನಾಲ್ಕು ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ. ಎರಡೂ ಕಟ್ಟಡ ನೋಡಿದ್ದು ನಿಜ. ನೋಡಿದ ಹೊತ್ತು ಮಾತ್ರ ಎರಡಕ್ಕೂ ತಪ್ಪು.

ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಇಪ್ಪತ್ತು ವರ್ಷಗಳಿಂದ ಈ ಕಟ್ಟಡಗಳ ಫೋಟೊ ತೆಗೆಯುತ್ತಿದ್ದೇನೆ. ನಿಮಗೆ ಒಂದೇ ಒಂದು ಮಾತು ಹೇಳಬೇಕಾದರೆ ಇದನ್ನು ಹೇಳುತ್ತೇನೆ: ಊರಿನ ನಕ್ಷೆ ತೆಗೆದು ನೋಡಿ. ಗೋಳಗುಮ್ಮಟ ಪೂರ್ವದ ಅಂಚಿನಲ್ಲಿದೆ, ರೈಲು ನಿಲ್ದಾಣದ ಹತ್ತಿರ. ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಕೋಟೆ ಗೋಡೆಯ ಆಚೆ. ನಡುವೆ ನಾಲ್ಕೈದು ಕಿಲೋಮೀಟರ್ ದಾರಿ. ಜುಮ್ಮಾ ಮಸೀದಿ, ಗಗನ ಮಹಲ್, ಬಾರಾ ಕಮಾನ್, ದೊಡ್ಡ ತೋಪು ಎಲ್ಲ ಈ ಎರಡರ ಮಧ್ಯೆ ಬರುತ್ತವೆ. ಸೂರ್ಯ ಹೋಗುವುದೂ ಇದೇ ದಾರಿಯಲ್ಲಿ ಅಲ್ವಾ? ಬೆಳಿಗ್ಗೆ ಅವನ ಜೊತೆ ಪೂರ್ವದಲ್ಲಿ ಶುರು ಮಾಡಿ, ಸಂಜೆ ಅವನ ಜೊತೆ ಪಶ್ಚಿಮದಲ್ಲಿ ಮುಗಿಸಿ. ಇಷ್ಟು ಮಾಡಿದರೆ ಬೆಳಕಿನ ಕೆಲಸ ಮುಕ್ಕಾಲು ಆದಂತೆ.

ನೀವು ಬರುವ ವಾರದ ಬೆಳಕಿನ ಲೆಕ್ಕ ಕೇಳಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6:50ರ ಸುಮಾರಿಗೆ, ಮುಳುಗುವುದು 6 ಗಂಟೆ ದಾಟಿದ ಕೂಡಲೇ. ಆ ದಿನಗಳಲ್ಲಿ ಅವನು ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಆಗ್ನೇಯಕ್ಕೆ ಸರಿದಿರುತ್ತಾನೆ. ಮುಳುಗುವುದು ನೈಋತ್ಯದಲ್ಲಿ. ಮಧ್ಯಾಹ್ನ ಕೂಡ ನೆತ್ತಿಗೆ ಬರುವುದಿಲ್ಲ, ದಕ್ಷಿಣದ ಕಡೆಗೆ ಸುಮಾರು 50 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಇದರಿಂದ ಫೋಟೊ ತೆಗೆಯುವವರಿಗೆ ಎರಡು ಲಾಭ. ನೆರಳುಗಳು ದಿನವಿಡೀ ಉದ್ದವಾಗಿ ಓರೆಯಾಗಿ ಬೀಳುತ್ತವೆ, ಕಲ್ಲಿನ ಕೆತ್ತನೆ ಎದ್ದು ಕಾಣುತ್ತದೆ. ಇನ್ನೊಂದು, ಯಾವ ಕಟ್ಟಡವಾದರೂ ದಕ್ಷಿಣದ ಮುಖಕ್ಕೆ ಬೆಳಕು ಇದ್ದೇ ಇರುತ್ತದೆ. ಏಪ್ರಿಲ್‌ನಲ್ಲಿ ಬಂದಿದ್ದರೆ ನಾನು ಬೇರೆಯೇ ಉತ್ತರ ಕೊಡಬೇಕಾಗುತ್ತಿತ್ತು. ಆಗ 40 ಡಿಗ್ರಿ ಬಿಸಿಲು, ಹತ್ತು ಗಂಟೆಯ ಮೇಲೆ ಹೊರಗೆ ನಿಲ್ಲಲಾಗುವುದಿಲ್ಲ.

ಎರಡು ತಯಾರಿ ಮಾಡಿಕೊಳ್ಳಿ. ರಾತ್ರಿ ರೈಲಿನಲ್ಲಿ ಬಂದು ಬೆಳಿಗ್ಗೆ ಇಳಿದರೆ ಸೂರ್ಯೋದಯ ತಪ್ಪುತ್ತದೆ. ಹಿಂದಿನ ದಿನ ಸಂಜೆಯೇ ಬಂದು ಉಳಿಯಿರಿ. ಗೋಳಗುಮ್ಮಟದ ಗೇಟು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಆದರೂ ಹಿಂದಿನ ಸಂಜೆ ಟಿಕೆಟ್ ಕೊಡುವಲ್ಲಿ ಒಮ್ಮೆ ಕೇಳಿಕೊಳ್ಳಿ. ಮತ್ತೆ, ಶುಕ್ರವಾರ ಬೇಡ. ಅಂದು ಮ್ಯೂಸಿಯಂಗೆ ರಜೆ, ಜುಮ್ಮಾ ಮಸೀದಿಯಲ್ಲಿ ದೊಡ್ಡ ನಮಾಜು. ಟ್ರೈಪಾಡ್ ತರಬೇಡಿ. ಈ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಬಳಸಲು ಬಿಡುವುದಿಲ್ಲ. ಡ್ರೋನ್ ಅಂತೂ ಕೂಡದು. ಇಡೀ ದಿನಕ್ಕೆ ಒಂದು ಆಟೋ ಮಾತಾಡಿಕೊಳ್ಳಿ. ದುಡ್ಡು ಎಷ್ಟು, ಎಲ್ಲಿಂದ ಎಲ್ಲಿಗೆ ಅಂತ ಮೊದಲೇ ಖಚಿತ ಮಾಡಿಕೊಂಡರೆ ಮಧ್ಯೆ ಮನಸ್ಸು ಕೆಡುವುದಿಲ್ಲ. ಮಗಳಿಗೆ ಒಮ್ಮೆ ಟಾಂಗಾ ಹತ್ತಿಸಿ. ಅವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಈಗ ಗೋಳಗುಮ್ಮಟಕ್ಕೆ ಬರೋಣ. ಇದು ನಮ್ಮೂರಿನಿಂದ ರಾಜ್ಯವಾಳಿದ ಆದಿಲ್ ಶಾಹಿ ಸುಲ್ತಾನರಲ್ಲಿ ಒಬ್ಬನಾದ ಮೊಹಮ್ಮದ್ ಆದಿಲ್ ಶಾಹನ ಗೋರಿ. ಅವನು 1627ರಿಂದ 1656ರವರೆಗೆ ಆಳಿದ. 47 ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ ಒಂದು ಚೌಕ ಪೆಟ್ಟಿಗೆ, ಅದರ ಮೇಲೆ ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ. ನಡುವೆ ಒಂದು ಕಂಬವೂ ಇಲ್ಲ. ನಾಲ್ಕು ಮೂಲೆಯಲ್ಲಿ ಏಳೇಳು ಅಂತಸ್ತಿನ ಎಂಟು ಮೂಲೆಯ ಮಿನಾರುಗಳು. ಮೇಲೆ ಹೋಗುವ ಮೆಟ್ಟಿಲು ಈ ಮಿನಾರಿನ ಒಳಗೇ ಇದೆ. ಇಕ್ಕಟ್ಟು, ಕತ್ತಲು, ಮೆಟ್ಟಿಲು ಎತ್ತರ. ಅಮ್ಮನನ್ನು ದಯವಿಟ್ಟು ಹತ್ತಿಸಬೇಡಿ. ಕೆಳಗಿನ ಹಾಲ್‌ನಲ್ಲೇ ಕೂರಿಸಿ. ಆರೂವರೆಗೆ ಅಲ್ಲಿ ಯಾರೂ ಇರುವುದಿಲ್ಲ. ಆ ಖಾಲಿ ಹಾಲ್‌ನಲ್ಲಿ ಕೂತು ತಲೆ ಎತ್ತಿ ನೋಡುವುದೇ ಒಂದು ದೊಡ್ಡ ಅನುಭವ. ಅವರು ಕೂತಲ್ಲೇ ಒಂದು ಚಪ್ಪಾಳೆ ತಟ್ಟಲಿ, ಗುಮ್ಮಟ ಅವರಿಗೂ ಉತ್ತರ ಕೊಡುತ್ತದೆ.

ಉಳಿದ ಮೂವರು ನೇರ ಮೇಲೆ ಹೋಗಿ. ಮೊದಲು ಗುಮ್ಮಟದ ಒಳಗಿನ ಪಿಸುಮಾತಿನ ಗ್ಯಾಲರಿ. ಇಲ್ಲಿ ನನ್ನದೊಂದು ಬೇಡಿಕೆ ಇದೆ. ಮೊದಲ ಹತ್ತು ನಿಮಿಷ ಕ್ಯಾಮೆರಾ, ಫೋನು ಎರಡನ್ನೂ ಚೀಲದಲ್ಲಿಡಿ. ಈ ಕಟ್ಟಡದ ಅತಿ ದೊಡ್ಡ ವಿಸ್ಮಯ ಫೋಟೊದಲ್ಲಿ ಬರುವುದೇ ಇಲ್ಲ. ಮಗಳನ್ನು ಒಂದು ಬದಿಯ ಗೋಡೆಗೆ ಕಿವಿ ಹಚ್ಚಿ ನಿಲ್ಲಿಸಿ. ನೀವು ಸುತ್ತು ಹಾಕಿ ಎದುರು ಬದಿಗೆ ಹೋಗಿ. ನಡುವೆ 37 ಮೀಟರಿಗೂ ಹೆಚ್ಚು ದೂರ. ಗೋಡೆಗೆ ಬಾಯಿ ಹತ್ತಿರ ತಂದು ಅವಳ ಹೆಸರನ್ನು ಮೆಲ್ಲಗೆ ಉಸುರಿ. ಅವಳಿಗೆ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿಸುತ್ತದೆ. ದನಿ ಹಾಲ್‌ನ ನಡುವೆ ಹಾರಿ ಹೋಗುವುದಕ್ಕಿಂತ ಹೆಚ್ಚಾಗಿ ಬಾಗಿದ ಗೋಡೆಗೆ ಅಂಟಿಕೊಂಡು ಸುತ್ತಿ ಬರುತ್ತದೆ. 1920ರ ದಶಕದಲ್ಲಿ ಸಿ. ವಿ. ರಾಮನ್ ಅವರು ಇಂಥ ಪಿಸುಮಾತಿನ ಗ್ಯಾಲರಿಗಳನ್ನು ಅಭ್ಯಾಸ ಮಾಡಿದ್ದರು. ನಮ್ಮ ಗೋಳಗುಮ್ಮಟವೂ ಅದರಲ್ಲಿತ್ತು. ಮಗಳಿಗೆ ಈ ಮಾತು ಅಲ್ಲೇ ನಿಂತು ಹೇಳಿ, ಮರೆಯುವುದಿಲ್ಲ.

ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ. ಎಂಟೂವರೆ ಒಂಬತ್ತಕ್ಕೆ ಬಸ್ಸುಗಳು ಸಾಲಾಗಿ ಬರುತ್ತವೆ. ಆಮೇಲೆ ಪಿಸುಮಾತು ಕೇಳುವ ಪ್ರಶ್ನೆಯೇ ಇಲ್ಲ. ಮಕ್ಕಳು ಕೂಗಲಿ, ಕೂಗಿ ಖುಷಿಪಡಲಿ, ಅದು ಅವರ ಹಕ್ಕು. ನಾವು ಅವರಿಗಿಂತ ಮೊದಲು ಬರಬೇಕು, ಅಷ್ಟೇ.

6:45ಕ್ಕೆ ಹೊರಗಿನ ತಾರಸಿಗೆ ಬನ್ನಿ. ಎಲ್ಲರೂ ಸೂರ್ಯನ ಕಡೆ ತಿರುಗಿ ನಿಲ್ಲುತ್ತಾರೆ. ಒಂದೆರಡು ಫೋಟೊ ಆ ಕಡೆ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆಮೇಲೆ ಗುಮ್ಮಟವನ್ನು ಸುತ್ತಿ ಪಶ್ಚಿಮದ ಬದಿಗೆ ಬನ್ನಿ. ಸೂರ್ಯ ಒಂದು ಮಾರು ಮೇಲೇರಿದಾಗ ಕೆಳಗೆ ತೋಟದ ಮೇಲೆ, ಅದರಾಚೆ ಮನೆಗಳ ಮೇಲೆ, ಗುಮ್ಮಟದ್ದೇ ನೆರಳು ಮಲಗಿರುತ್ತದೆ. ಗುಂಡಗಿನ ಗುಮ್ಮಟ, ಅಕ್ಕಪಕ್ಕ ಮಿನಾರುಗಳು, ಎಲ್ಲ ಇಡಿಯಾಗಿ. ನಿಮಿಷ ನಿಮಿಷಕ್ಕೂ ಅದು ಕುಗ್ಗುತ್ತಾ ನಮ್ಮ ಕಡೆ ಬರುತ್ತದೆ. ನನ್ನ ಪಾಲಿಗೆ ಇಡೀ ದಿನದ ಮೊದಲ ಒಳ್ಳೆಯ ಫೋಟೊ ಇದು. ನಿಮ್ಮ ಲೆನ್ಸನ್ನು ಅತಿ ಅಗಲದ ನೋಟಕ್ಕೆ, ಅಂದರೆ 18ಕ್ಕೇ ಇಡಿ, ಲೆನ್ಸಿನ ಕಿಂಡಿ ಎಫ್ 8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 200. ಫೋನಾದರೆ ಬಿಸಿಲು ಬಿದ್ದ ಮನೆಗಳ ಮೇಲೆ ಬೆರಳು ಒತ್ತಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ.

ಇಳಿಯುವಾಗ ಮಿನಾರಿನ ಪ್ರತಿ ಅಂತಸ್ತಿನಲ್ಲೂ ಕಮಾನಿನ ಕಿಂಡಿಗಳಿವೆ. ಒಂದರಲ್ಲಿ ಮಗಳನ್ನು ನಿಲ್ಲಿಸಿ, ಹೊರಗೆ ನೋಡಲು ಹೇಳಿ. ಕೈ ಹಿಡಿದೇ ಇರಿ, ಅಂಚಿಗೆ ಬಿಡಬೇಡಿ. ಮುಖದ ಮೇಲೆ ಬೀಳುವ ಆ ಒಂದು ಬದಿಯ ಬೆಳಕು ಸ್ಟುಡಿಯೋದಲ್ಲೂ ಸಿಗುವುದಿಲ್ಲ.

ಕೆಳಗೆ ಬಂದ ಮೇಲೆ ಒಳಗಿನಿಂದ ಗುಮ್ಮಟದ ಫೋಟೊ. ಇದನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ತೆಗೆದವರ ಫೋಟೊ ತೊಂಬತ್ತು ಪಾಲು ಅಲುಗಿರುತ್ತದೆ, ಓರೆಯಾಗಿರುತ್ತದೆ. ಸುಲಭದ ದಾರಿ ಇದೆ. ಫೋನನ್ನು ನೆಲದ ಮೇಲೆ ಅಂಗಾತ ಮಲಗಿಸಿ. ಮುಂದಿನ ಕ್ಯಾಮೆರಾ ಆನ್ ಮಾಡಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು ಪಕ್ಕಕ್ಕೆ ಸರಿಯಿರಿ. ಡಿಎಸ್‌ಎಲ್‌ಆರ್ ಆದರೆ ಒಂದು ಶಾಲು ಮಡಚಿ, ಅದರ ಮೇಲೆ ಲೆನ್ಸ್ ಮೇಲ್ಮುಖವಾಗಿ ಇಡಿ. ಐಎಸ್‌ಒ 400, ಟೈಮರ್ ಎರಡು ಸೆಕೆಂಡು, ಶಟರ್ ಒಂದು ಸೆಕೆಂಡಿನವರೆಗೆ ಹೋದರೂ ಪರವಾಗಿಲ್ಲ, ನೆಲ ಅಲುಗುವುದಿಲ್ಲವಲ್ಲ. ಈ ಫೋಟೊದಲ್ಲಿ ಕಟ್ಟಡದ ಗುಟ್ಟೂ ಕಾಣುತ್ತದೆ. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟಂತೆ ಕಮಾನುಗಳು ಒಂದನ್ನೊಂದು ಹಾಯ್ದು ಹೋಗುತ್ತವೆ. ಎಂಟು ಮೂಲೆಯ ನಕ್ಷತ್ರ ಆಗುತ್ತದೆ. ಚೌಕದ ಗೋಡೆಯ ಮೇಲೆ ಗುಂಡನೆಯ ಗುಮ್ಮಟ ಕೂತಿರುವುದು ಈ ಕಮಾನುಗಳ ಬಲದಿಂದ. ಎಷ್ಟು ಸಲ ನೋಡಿದರೂ ನನಗೆ ಮೈ ಜುಂ ಅನ್ನುತ್ತದೆ.

ಹೊರಗಿನ ಫೋಟೊಕ್ಕೆ ಒಂದು ತೊಡಕಿದೆ. ದಕ್ಷಿಣದ ಎದುರಿಗೇ ನಗಾರಖಾನೆ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ, ಅಡ್ಡ ಬರುತ್ತದೆ. ಈಗ ಅದೇ ಮ್ಯೂಸಿಯಂ. ಅದನ್ನು ದಾಟಿ ಒಳಗೆ ಬಂದರೆ ಕಟ್ಟಡ ತೀರಾ ಹತ್ತಿರ, ಕ್ಯಾಮೆರಾ ಮೇಲಕ್ಕೆ ಎತ್ತಬೇಕಾಗುತ್ತದೆ. ಎತ್ತಿದ ಕೂಡಲೇ ಗೋಡೆಗಳು ಹಿಂದಕ್ಕೆ ಬಿದ್ದ ಹಾಗೆ ಬರುತ್ತವೆ. ಹಂಪಿಯಲ್ಲೂ ನಿಮ್ಮ ಗೋಪುರಗಳು ಹೀಗೇ ಬಂದಿದ್ದಾವು. ಇದಕ್ಕೆ ಒಂದೇ ಮದ್ದು. ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆ, ಆಗ್ನೇಯದ ಮೂಲೆಗೆ ಹೋಗಿ. ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ನೆಟ್ಟಗೆ ಹಿಡಿಯಿರಿ, ಎತ್ತಬೇಡಿ. ಕೆಳಗೆ ಹುಲ್ಲು ಜಾಸ್ತಿ ಬಂದರೂ ಬರಲಿ, ಆಮೇಲೆ ಕತ್ತರಿಸಬಹುದು. ಎಂಟು ಗಂಟೆಯ ಬಿಸಿಲು ಆಗ ದಕ್ಷಿಣ, ಪೂರ್ವ ಎರಡೂ ಮುಖಗಳ ಮೇಲೆ ಬಿದ್ದಿರುತ್ತದೆ. ಗುಮ್ಮಟದ ಬುಡದಲ್ಲಿ ತಾವರೆ ದಳಗಳ ಸಾಲೊಂದಿದೆ. ಅದನ್ನು 55ಕ್ಕೆ ಎಳೆದು ಬೇರೆಯೇ ಒಂದು ಫೋಟೊ ಮಾಡಿ.

ತಿಂಡಿ ತಿಂದು ಒಂಬತ್ತೂವರೆಯೊಳಗೆ ಜುಮ್ಮಾ ಮಸೀದಿಗೆ ಬನ್ನಿ. ನೀವು ಹಂಪಿ ನೋಡಿದ್ದೀರಿ. ಆ ನಗರ ಬಿದ್ದದ್ದು 1565ರ ಯುದ್ಧದ ನಂತರ. ಗೆದ್ದ ಸುಲ್ತಾನರಲ್ಲಿ ಒಬ್ಬ ನಮ್ಮೂರಿನ ಒಂದನೇ ಅಲಿ ಆದಿಲ್ ಶಾಹ. ಮುಂದಿನ ವರ್ಷಗಳಲ್ಲಿ ಅವನು ಕಟ್ಟಿಸಲು ತೊಡಗಿದ್ದೇ ಈ ಮಸೀದಿ. ಅಲ್ಲಿ ನೋಡಿದ ಕಥೆಯ ಇನ್ನೊಂದು ತುದಿ ಇಲ್ಲಿದೆ ಅಂದುಕೊಂಡು ಒಳಗೆ ಬನ್ನಿ. ನಮಾಜಿನ ಹಾಲ್ ಪೂರ್ವಕ್ಕೆ ತೆರೆದಿದೆ. ಹಾಗಾಗಿ ಬೆಳಗಿನ ಬಿಸಿಲು ಅಂಗಳ ದಾಟಿ ಕಮಾನುಗಳ ಒಳಗೆ ಬರುತ್ತದೆ. ಬಿಳಿಯ ಕಂಬಗಳ ಸಾಲು, ನೆಲದ ಮೇಲೆ ಕಮಾನಿನಾಕಾರದ ಬಿಸಿಲು. ಮಧ್ಯಾಹ್ನ ಬಂದರೆ ಇದು ಇರುವುದಿಲ್ಲ. ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂತ ಎರಡು ಸಾವಿರಕ್ಕೂ ಹೆಚ್ಚು ನಮಾಜಿನ ಚೌಕ ಗುರುತಿಸಿದ್ದಾರೆ. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಆ ಗೆರೆಗಳೇ ಕಣ್ಣನ್ನು ಒಳಗೆ ಕರೆದೊಯ್ಯುತ್ತವೆ. ಪಶ್ಚಿಮದ ಗೋಡೆಯಲ್ಲಿ ಚಿನ್ನದ ಬಣ್ಣದ ಮಿಹ್ರಾಬ್, ಅಂದರೆ ನಮಾಜಿನ ದಿಕ್ಕು ತೋರಿಸುವ ಗೂಡು ಇದೆ, 1636ರದ್ದು. ಅದು ತೆರೆದಿದ್ದರೆ ನಿಮ್ಮ ಪುಣ್ಯ.

ಇದು ಇವತ್ತಿಗೂ ಜನ ನಮಾಜು ಮಾಡುವ ಜಾಗ. ಚಪ್ಪಲಿ ಹೊರಗೆ ಬಿಡಿ, ತಲೆಗೆ ಸೆರಗೋ ದುಪಟ್ಟಾವೋ ಇರಲಿ, ಅಲ್ಲಿದ್ದವರಿಗೆ ಒಂದು ಮಾತು ಕೇಳಿ ಕ್ಯಾಮೆರಾ ತೆಗೆಯಿರಿ. ಪ್ರಾರ್ಥನೆ ಮಾಡುತ್ತಿರುವವರ ಮುಖಕ್ಕೆ ಲೆನ್ಸ್ ಹಿಡಿಯಬೇಡಿ. ಇಲ್ಲಿನವರು ಒರಟರಲ್ಲ. ಕೇಳಿದರೆ ತಾವೇ ಬಂದು ಯಾವ ಮೂಲೆಯಿಂದ ಚೆನ್ನಾಗಿ ಕಾಣುತ್ತದೆ ಅಂತ ತೋರಿಸುತ್ತಾರೆ.

ಅಲ್ಲಿಂದ ಕೋಟೆಯ ಕಡೆ ಬರುವ ರಸ್ತೆಯಲ್ಲೇ ಮೆಹತರ್ ಮಹಲ್ ಸಿಗುತ್ತದೆ. ಹೆಸರು ಮಹಲ್, ಇರುವುದು ಒಂದು ಮಸೀದಿಯ ಬಾಗಿಲು. ಬಾಲ್ಕನಿಯನ್ನು ಹೊತ್ತ ಕಲ್ಲಿನ ಕೈಗಳನ್ನು ನೋಡಿ. ಬಡಗಿ ಮರದಲ್ಲಿ ಕೆತ್ತಿದ ಹಾಗಿದೆ. ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಬಿಡಬೇಡಿ. ಗಗನ ಮಹಲಿನ ಭಾರೀ ಕಮಾನನ್ನು ಆಟೋದಿಂದ ಇಳಿದು ಒಮ್ಮೆ ನೋಡಿದರೂ ಆಯಿತು. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಇಲ್ಲೇ ಔರಂಗಜೇಬನ ಮುಂದೆ ತಲೆಬಾಗಿದ. ಬೆಳ್ಳಿಯ ಸರಪಳಿ ತೊಡಿಸಿ ಕರೆತಂದರು ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ಅಸರ್ ಮಹಲ್, ಜೋಡ ಗುಮ್ಮಟ ಇವನ್ನೆಲ್ಲ ಈ ಸಲ ಬಿಡಿ. ಒಂದು ದಿನದಲ್ಲಿ ಹದಿನೈದು ಜಾಗ ನೋಡಿದವರಿಗೆ ಮನೆಗೆ ಹೋದ ಮೇಲೆ ಯಾವ ಕಮಾನು ಎಲ್ಲಿಯದು ಅಂತ ನೆನಪಿರುವುದಿಲ್ಲ.

ಹನ್ನೊಂದಕ್ಕೆ ಬಾರಾ ಕಮಾನ್. ಇದು ಎರಡನೇ ಅಲಿ ಆದಿಲ್ ಶಾಹನ ಗೋರಿ. ಅಪ್ಪನ ಗೋಳಗುಮ್ಮಟವನ್ನು ಮೀರಿಸಬೇಕು ಅಂತ ಶುರು ಮಾಡಿದ್ದು ಎಂದು ಹೇಳುತ್ತಾರೆ. 1672ರಲ್ಲಿ ಅವನು ತೀರಿಕೊಂಡ. ಗೋರಿ ಮುಗಿಯಲೇ ಇಲ್ಲ. ಗೋಡೆಗಳ ಬದಲು ಕಪ್ಪು ಕಲ್ಲಿನ ಕಮಾನುಗಳು, ಚಾವಣಿಯ ಬದಲು ಆಕಾಶ. ಹನ್ನೊಂದರ ಬಿಸಿಲನ್ನು ಫೋಟೊದವರು ಶಾಪ ಹಾಕುತ್ತಾರೆ. ಇಲ್ಲಿ ಮಾತ್ರ ಅದೇ ಬೇಕು. ಸೂರ್ಯ ದಕ್ಷಿಣದಲ್ಲಿ ಇರುವುದರಿಂದ ಕಮಾನುಗಳ ನೆರಳು ಜಗುಲಿಯ ಮೇಲೆ ಮತ್ತೆ ಕಮಾನುಗಳಾಗಿ ಬೀಳುತ್ತದೆ. ಹೆಂಡತಿ, ಮಗಳನ್ನು ಒಂದು ಕಮಾನಿನ ಕೆಳಗೆ ದೂರದಲ್ಲಿ ನಿಲ್ಲಿಸಿ. ಜನ ಸಣ್ಣಗೆ ಕಂಡರೇ ಕಮಾನಿನ ಎತ್ತರ ತಿಳಿಯುವುದು.

ಇಲ್ಲಿ ಕಪ್ಪು ಕಲ್ಲಿನ ವಿಷಯ ಹೇಳಲೇಬೇಕು. ನಿಮ್ಮ ಹಂಪಿಯ ಫೋಟೊಗಳು ಯಾಕೆ ಸಪ್ಪೆಯಾದವೋ ನಾನು ನೋಡಿಲ್ಲ, ಆದರೆ ನಮ್ಮೂರಿನ ಫೋಟೊಗಳು ಸಪ್ಪೆಯಾಗುವುದು ಇದರಿಂದಲೇ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ಎದುರಿಗಿರುವುದು ಕಪ್ಪು ಕಲ್ಲು ಅಂತ ಗೊತ್ತಾಗುವುದಿಲ್ಲ. ಏನು ತೋರಿಸಿದರೂ ಅದನ್ನು ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಈ ಕಪ್ಪು ಬಸಾಲ್ಟ್ ಕಲ್ಲನ್ನು ತುಂಬಾ ಬೆಳಗಿಸಿಬಿಡುತ್ತದೆ. ಕಲ್ಲು ಬೂದಿ ಬಳಿದಂತೆ, ಆಕಾಶ ಸುಣ್ಣದಂತೆ ಬರುತ್ತದೆ. ಹಾಗಾಗಿ ಕಪ್ಪು ಕಲ್ಲು ಚೌಕಟ್ಟು ತುಂಬಿದಾಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು ಮೈನಸ್ 0.7ಕ್ಕೆ ಇಳಿಸಿ. ಫೋನಿನಲ್ಲಿ ಬೆರಳಿಂದ ಕೆಳಗೆ ಎಳೆದರೆ ಆಯಿತು. ಕಲ್ಲಿಗೆ ಅದರ ತೂಕ ಬರುತ್ತದೆ. ಆಕಾಶ ನೀಲಿಯಾಗಿ ಉಳಿಯುತ್ತದೆ. ಜೊತೆಗೆ ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ರೂಪದಲ್ಲಿ ತೆಗೆದಿಟ್ಟರೆ ನೆರಳಿನ ಭಾಗವನ್ನು ಮನೆಯಲ್ಲಿ ಮೇಲಕ್ಕೆ ತರಬಹುದು. ಸುಟ್ಟುಹೋದ ಆಕಾಶವನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಹನ್ನೆರಡೂವರೆಯಿಂದ ಎರಡೂವರೆಯವರೆಗೆ ಕ್ಯಾಮೆರಾಕ್ಕೂ ಕಾಲಿಗೂ ವಿಶ್ರಾಂತಿ. ಖಾನಾವಳಿಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಎಳ್ಳಮಾವಾಸ್ಯೆಯ ಆಸುಪಾಸಿನ ದಿನಗಳಾದ್ದರಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಿಕ್ಕರೂ ಸಿಗಬಹುದು, ಕೇಳಿ ನೋಡಿ. ಮೈಸೂರಿನವರಿಗೆ ಖಾರ ಜಾಸ್ತಿ ಅನ್ನಿಸಿದರೆ ಮೊಸರು ಇದ್ದೇ ಇದೆ. ಆಮೇಲೆ ಅಮ್ಮ ರೂಮಿನಲ್ಲಿ ಒಂದು ಗಂಟೆ ಅಡ್ಡಾಗಲಿ. ಬ್ಯಾಟರಿ ಚಾರ್ಜ್ ಆಗಲಿ. ಬೆಳಗಿನ ಫೋಟೊಗಳನ್ನು ನೋಡಿ ಅಲುಗಿದ್ದನ್ನೆಲ್ಲ ಆಗಲೇ ಅಳಿಸಿ. ಮನೆಗೆ ಹೋಗಿ ಮಾಡೋಣ ಅಂದುಕೊಂಡ ಕೆಲಸ ಆಗುವುದಿಲ್ಲ.

ಮೂರಕ್ಕೆ ಪಶ್ಚಿಮದ ಕಡೆ ಹೊರಡಿ. ಮೊದಲು ಬುರುಜಿನ ಮೇಲಿರುವ ಆ ದೊಡ್ಡ ತೋಪು, ಮಲಿಕ್-ಎ-ಮೈದಾನ್. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ನಾಲ್ಕು ಮೀಟರಿಗಿಂತ ಉದ್ದ, ಸುಮಾರು 55 ಟನ್ ತೂಕ ಎನ್ನುತ್ತಾರೆ. ಬಾಯಿಯನ್ನು ಸಿಂಹದಂಥ ಪ್ರಾಣಿಯ ಮುಖದ ಹಾಗೆ ಮಾಡಿದ್ದಾರೆ, ಅದರ ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಮಗಳಿಗೆ ಆ ಆನೆಯನ್ನು ಹುಡುಕಲು ಹೇಳಿ, ಹುಡುಕುವಾಗಿನ ಮುಖದ ಫೋಟೊ ತೆಗೆಯಿರಿ. ಹತ್ತಿರದಲ್ಲೇ ಉಪಲಿ ಬುರುಜು, 1584ರದ್ದು, 24 ಮೀಟರ್ ಎತ್ತರ. ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಹೋಗುತ್ತದೆ. ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಹತ್ತಿ. ಬೆಳಿಗ್ಗೆ ನೀವು ನಿಂತಿದ್ದ ಗುಮ್ಮಟ ಊರಿನ ಆ ತುದಿಯಲ್ಲಿ, ಈಗ ನಿಮ್ಮ ಬೆನ್ನ ಹಿಂದಿನ ಬಿಸಿಲಲ್ಲಿ ಕಾಣುತ್ತದೆ. 55ಕ್ಕೆ ಎಳೆದು ಮನೆಗಳ ಸಮೇತ ತೆಗೆಯಿರಿ. ತಾಜ್ ಬಾವಡಿ ಎಂಬ ದೊಡ್ಡ ಹಳೆಯ ಬಾವಿ ದಾರಿಯಲ್ಲೇ ಇದೆ, ಹೊತ್ತು ನೋಡಿಕೊಂಡು ಐದು ನಿಮಿಷ ನಿಲ್ಲಬಹುದು.

ಆದರೆ 3:45ಕ್ಕೆ ಇಬ್ರಾಹಿಂ ರೋಜಾದಲ್ಲಿ ಇರಲೇಬೇಕು. ಉಳಿದದ್ದು ಯಾವುದು ತಪ್ಪಿದರೂ ಇದು ತಪ್ಪಬಾರದು. ಗೋಳಗುಮ್ಮಟ ನಮ್ಮನ್ನು ಬೆರಗುಗೊಳಿಸುತ್ತದೆ, ಇಬ್ರಾಹಿಂ ರೋಜಾ ಹತ್ತಿರ ಕರೆದು ಕೂರಿಸಿಕೊಳ್ಳುತ್ತದೆ. ಇದು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ. ಅವನು ಸಂಗೀತದ ಹುಚ್ಚಿನ ರಾಜ. ತಾನೇ ಬರೆದ ಹಾಡುಗಳಲ್ಲಿ ಸರಸ್ವತಿಯನ್ನು, ಗಣಪತಿಯನ್ನು ನೆನೆದವನು. ಜನ ಅವನನ್ನು ಜಗದ್ಗುರು ಅಂತ ಕರೆದರು. ಕಟ್ಟುವ ಉಸ್ತುವಾರಿ ನೋಡಿದವನು ಮಲಿಕ್ ಸಂದಲ್. ತಾಜ್ ಮಹಲಿಗೆ ಇದೇ ಪ್ರೇರಣೆ ಅಂತ ಗೈಡುಗಳು ಹೇಳುತ್ತಾರೆ. ನನಗೆ ಆ ಹೋಲಿಕೆ ಬೇಕು ಅನ್ನಿಸುವುದಿಲ್ಲ. ಇದರ ಚೆಲುವು ಇದರದ್ದೇ.

ಒಂದೇ ಎತ್ತರದ ಜಗುಲಿಯ ಮೇಲೆ ಎರಡು ಕಟ್ಟಡ. ಉತ್ತರದ ಬಾಗಿಲಿಂದ ಒಳಗೆ ಬಂದರೆ ಎಡಕ್ಕೆ ಗೋರಿ, ಬಲಕ್ಕೆ ಮಸೀದಿ. ಎಲ್ಲರೂ ಆ ಬಾಗಿಲಲ್ಲೇ ನಿಂತು ಮೊದಲ ಫೋಟೊ ತೆಗೆಯುತ್ತಾರೆ. ಡಿಸೆಂಬರ್‌ನಲ್ಲಿ ಸೂರ್ಯ ಎದುರಿಗೆ ಇರುತ್ತಾನೆ, ಎರಡೂ ಕಟ್ಟಡ ಕಪ್ಪಾಗಿ ಬರುತ್ತವೆ. ನೀವು ತೋಟದಲ್ಲಿ ಸುತ್ತಿಕೊಂಡು ದಕ್ಷಿಣದ ಬದಿಗೆ ಹೋಗಿ. ಅಲ್ಲಿಂದ ನೋಡಿದರೆ ಬಿಸಿಲು ನಿಮ್ಮ ಎಡ ಹೆಗಲ ಹಿಂದಿನಿಂದ ಬಂದು ಎರಡರ ಮೇಲೂ ಬಿದ್ದಿರುತ್ತದೆ. ಗೋರಿಯ ಪಶ್ಚಿಮದ ಮುಖ ಬೇಕಾದರೆ ನಾಲ್ಕೂವರೆಯೊಳಗೆ ತೆಗೆದುಬಿಡಿ. ಆಮೇಲೆ ಮಸೀದಿಯ ನೆರಳು ಅಂಗಳ ದಾಟಿ ಅದರ ಮೇಲೆ ಏರತೊಡಗುತ್ತದೆ. ಐದೂವರೆ ಹೊತ್ತಿಗೆ ಮಿನಾರುಗಳ ತಲೆ, ಗುಮ್ಮಟದ ತುದಿ ಮಾತ್ರ ಕೆಂಪಗೆ ಉಳಿದಿರುತ್ತವೆ. ಅದನ್ನೂ ಕಾದು ತೆಗೆಯಿರಿ. ಈ ಕೊನೆಯ ಹೊತ್ತಿಗೆ ಉತ್ತರದ ಬಾಗಿಲಿಗೆ ವಾಪಸ್ ಬಂದರೆ, ಮೊದಲು ಬೇಡ ಅಂದಿದ್ದ ಅದೇ ಕಪ್ಪು ಆಕಾರ ಕೆಂಪು ಆಕಾಶದ ಮುಂದೆ ತುಂಬಾ ಚೆಂದ ಬರುತ್ತದೆ.

ಮಧ್ಯದ ಒಂದು ಗಂಟೆಯನ್ನು ಒಳಗೆ ಕಳೆಯಿರಿ. ಗೋರಿಯ ಕಿಟಕಿಗಳಲ್ಲಿ ಅಕ್ಷರಗಳನ್ನೇ ಕಲ್ಲಿನಲ್ಲಿ ಜಾಲರಿಯಾಗಿ ಕೊರೆದಿದ್ದಾರೆ. ಹೊರಗಿನಿಂದ ಅವು ಕೆತ್ತನೆ. ಒಳಗಿನ ಕತ್ತಲಲ್ಲಿ ನಿಂತು ನೋಡಿದರೆ ಬೆಳಕೇ ಅಕ್ಷರವಾಗಿರುತ್ತದೆ. ಇಲ್ಲಿ ಫ್ಲಾಶ್ ಹಾಕಿದರೆ ಎಲ್ಲ ಹಾಳು. ಬೆಳಕಿನ ತೂತಿನ ಮೇಲೆ ಫೋಕಸ್ ಮಾಡಿ, ಕಲ್ಲು ಕಪ್ಪಾಗಲು ಬಿಡಿ. ಮಸೀದಿಯ ಚಜ್ಜದ, ಅಂದರೆ ಹೊರಚಾಚಿದ ಸೂರಿನ ಕೆಳಗೆ ಕಲ್ಲಿನ ಸರಪಳಿಗಳು ತೂಗುತ್ತವೆ. ಒಂದೇ ಕಲ್ಲಿನಲ್ಲಿ ಕೊಂಡಿ ಕೊಂಡಿಯಾಗಿ ಬಿಡಿಸಿದ್ದು. ಹಿಂದೆ ಆಕಾಶ ಬರುವ ಹಾಗೆ ಕೆಳಗೆ ಕೂತು ತೆಗೆಯಿರಿ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಜಗುಲಿಗೆ ಹತ್ತಲು ಮೆಟ್ಟಿಲುಗಳಿವೆ, ಆದರೆ ನಿಧಾನಕ್ಕೆ ಹಿಡಿದುಕೊಂಡು ಹತ್ತಿಸಬಹುದು. ಗೋರಿಯ ಸುತ್ತ ಕಮಾನುಗಳ ಪಡಸಾಲೆ ಇದೆ. ನಾಲ್ಕು ಗಂಟೆಗೆ ಅದರ ನೆಲದಿಂದ ಪುಟಿದ ಬೆಳಕು ತುಂಬಾ ಮೃದು. ಅವರನ್ನು ಅಲ್ಲೊಂದು ಕಂಬದ ಪಕ್ಕ ಕೂರಿಸಿ, ಮುಖ ಹೊರಗಿನ ಕಡೆ ಇರಲಿ. ಲೆನ್ಸ್ 50ರ ಆಸುಪಾಸು, ಎಫ್ 5.6. ನಗಿ ಅಂತ ಹೇಳಬೇಡಿ. ಮೊಮ್ಮಗಳನ್ನು ಪಕ್ಕ ಕೂರಿಸಿ, ಬೆಳಗಿನ ಪಿಸುಮಾತಿನ ಕಥೆ ಅಜ್ಜಿಗೆ ಹೇಳಲು ಹೇಳಿ. ನೀವು ನಾಲ್ಕು ಹೆಜ್ಜೆ ಹಿಂದೆ ಸರಿದು ಕಾಯಿರಿ. ನನ್ನ ತಾಯಿಯನ್ನು ನಾನು ಎಷ್ಟೋ ಸಲ ಇಲ್ಲಿಗೆ ಕರೆದುಕೊಂಡು ಬಂದಿದ್ದೆ. ಪ್ರತಿ ಸಲವೂ ಕಿಟಕಿ, ಸರಪಳಿ, ಗುಮ್ಮಟ ತೆಗೆದೆ. ಅವರನ್ನು ಕೂರಿಸಿ ತೆಗೆದದ್ದು ಒಂದೇ ಒಂದು. ಈಗ ನಮ್ಮ ಮನೆಯ ಗೋಡೆಯ ಮೇಲಿರುವುದು ಅದು.

6ಕ್ಕೆ ಕಾವಲಿನವರು ಸೀಟಿ ಊದುತ್ತಾರೆ, ಹೊರಡಬೇಕು. ಅಂದು ಬೆಳಿಗ್ಗೆ ಅಕಸ್ಮಾತ್ ಮೋಡ ಕವಿದಿದ್ದರೆ ಗುಮ್ಮಟದ ನೆರಳು ಸಿಗುವುದಿಲ್ಲ, ಆದರೆ ಪಿಸುಮಾತು ಸಿಗುತ್ತದೆ, ಹೇಗೂ ಬೇಗ ಹೋಗಿ. ಅಂಥ ದಿನ ಮೆಹತರ್ ಮಹಲಿಗೆ ಹತ್ತು ನಿಮಿಷದ ಬದಲು ಅರ್ಧ ಗಂಟೆ ಕೊಡಿ, ಮೋಡದ ಬೆಳಕಿಗೆ ಕೆತ್ತನೆಯ ಒಳಮೂಲೆಯೂ ಕಾಣುತ್ತದೆ. ಬಾರಾ ಕಮಾನನ್ನು ಬಿಟ್ಟು ಆ ಹೊತ್ತಿಗೆ ಮ್ಯೂಸಿಯಂ ನೋಡಿ. ರೋಜಾದ ಹೊತ್ತು ಮಾತ್ರ ಬದಲಿಸಬೇಡಿ. ಸಂಜೆ ಐದಕ್ಕೆ ಮೋಡ ಹರಿದು ಬಿಸಿಲು ಬಂದದ್ದನ್ನು ನಾನು ಅಲ್ಲಿ ಎಷ್ಟೋ ಸಲ ನೋಡಿದ್ದೇನೆ.